ಕೂತಲ್ಲೇ ವಾಲಿಯಾಗುವುದು: ಜಪಾನಿನ ಸೇಯು, ನಮ್ಮೂರಿನ ಅರ್ಥಧಾರಿ

ಈ ಸಲದ ಎಪಿಸೋಡ್ ಶುರುವಾದದ್ದು ಒಂದು ಪ್ರಶ್ನೆಯಿಂದ. ಕೇಳಿದವ ನನ್ನ ಚಿಕ್ಕಮ್ಮನ ಮಗ, ಪಿಯುಸಿ ಹುಡುಗ.

2025ರ ಸೆಪ್ಟೆಂಬರಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕಾಸಲ್’ ಸಿನಿಮಾ ಭಾರತದ ಥಿಯೇಟರಿಗೆ ಬಂತಲ್ಲ, ಆಗ. ಮೂಡುಬಿದಿರೆಯಿಂದ ಮಂಗಳೂರು ಬಸ್ ಹತ್ತುವ ಮೊದಲು ಅವ ಫೋನಲ್ಲಿ ಭಾಷೆಗಳ ಪಟ್ಟಿ ತೋರಿಸಿದ. ಜಪಾನೀಸ್, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. "ಅಣ್ಣಾ, ಕನ್ನಡ ಎಂತಕೆ ಇಲ್ಲ? ನಮ್ಮಲ್ಲಿ ವಾಯ್ಸ್ ಕೊಡುವವರು ಯಾರೂ ಇಲ್ವಾ?"

ಮೊದಲ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ ಉಂಟು, ಆಮೇಲೆ ಹೇಳ್ತೇನೆ. ಎರಡನೇ ಪ್ರಶ್ನೆಗೆ ನನಗೆ ನಗು ಬಂತು, ಸ್ವಲ್ಪ ಬೇಜಾರೂ ಆಯ್ತು. ಯಾಕಂದ್ರೆ ನಮ್ಮ ಅಜ್ಜ ನಲವತ್ತು ವರ್ಷ ಮಾಡಿದ್ದು ಅದೇ ಕೆಲಸ. ಹಗಲು ಸಿದ್ಧಕಟ್ಟೆ ಹತ್ತಿರ ಬೀಡಿ ಬ್ರಾಂಚ್. ಮಳೆಗಾಲದ ಶನಿವಾರ ರಾತ್ರಿ ಬಿಳಿ ಪಂಚೆ, ಹೆಗಲಿಗೊಂದು ಶಾಲು, ಕುರ್ಚಿಯಲ್ಲಿ ಕೂತು ವಾಲಿ. ಕಿರೀಟ ಇಲ್ಲ, ಬಣ್ಣ ಇಲ್ಲ, ಕೂತಲ್ಲಿಂದ ಏಳುವುದೂ ಇಲ್ಲ. ದನಿ ಮಾತ್ರ.

ಹಾಗಾಗಿ ಇವತ್ತು ಎರಡು ಚರಿತ್ರೆ ಒಟ್ಟಿಗೆ. ಒಂದು ಜಪಾನಿನ ದನಿ ಕಲಾವಿದರದ್ದು, ಇನ್ನೊಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತಾಳಮದ್ದಳೆಯದ್ದು.

ಮೂಕಿ ಚಿತ್ರದ ಪಕ್ಕದಲ್ಲಿ ನಿಂತವರು

ಜಪಾನಿನಲ್ಲಿ ದನಿ ಕಲಾವಿದರಿಗೆ ‘ಸೇಯು’ ಅಂತ ಹೇಳ್ತಾರೆ. ಇದು ಅನಿಮೆಯಿಂದ ಹುಟ್ಟಿದ ಕೆಲಸ ಅಂತ ನಾನೂ ಅಂದುಕೊಂಡಿದ್ದೆ. ನಿಜಕ್ಕೂ ಬೇರು ಇನ್ನೂ ಹಿಂದೆ ಉಂಟು. 1890ರ ದಶಕದ ಕೊನೆಗೆ ಜಪಾನಿಗೆ ಸಿನಿಮಾ ಬಂತು. ಆಗಿನ ಸಿನಿಮಾಕ್ಕೆ ಮಾತಿಲ್ಲ. ಪರದೆಯ ಪಕ್ಕದಲ್ಲಿ ಒಬ್ಬ ನಿಂತು ಕಥೆ ಹೇಳಬೇಕು, ಗಂಡಸಿನ ಮಾತು, ಹೆಂಗಸಿನ ಮಾತು, ಮಗುವಿನ ಮಾತು ಎಲ್ಲ ತಾನೇ ಆಡಬೇಕು. ಅವನಿಗೆ ‘ಬೆನ್ಶಿ’ ಅಂತ ಹೆಸರು. ಬೇರೆ ದೇಶಗಳಲ್ಲೂ ಇಂಥವರು ಇದ್ದರು, ಆದರೆ ಜಪಾನಿನಲ್ಲಿ ಸಾವಿರಾರು ಮಂದಿಗೆ ಇದು ಹೊಟ್ಟೆಪಾಡಾಯ್ತು. ಯಾವ ಸಿನಿಮಾ ಅನ್ನುವುದಕ್ಕಿಂತ ಯಾರ ಬೆನ್ಶಿ ಅಂತ ನೋಡಿ ಟಿಕೆಟ್ ತೆಗೆಯುವವರೂ ಇದ್ದರು.

ಆಮೇಲೆ ಮಾತಿನ ಸಿನಿಮಾ ಬಂತು, ಬೆನ್ಶಿಗಳ ಕೆಲಸ ಹೋಯಿತು. ದೊಡ್ಡ ನಿರ್ದೇಶಕ ಅಕಿರಾ ಕುರೊಸಾವ ಗೊತ್ತಲ್ಲ? ಅವರ ಅಣ್ಣ ಹೇಯ್ಗೊ ಬೆನ್ಶಿ ಆಗಿದ್ದವರು. ಕೆಲಸ ಕಳಕೊಳ್ಳುವವರ ಪರವಾಗಿ ಮುಷ್ಕರದ ಮುಂದೆ ನಿಂತರು, ಸೋತರು, 1933ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ದನಿಯನ್ನೇ ನಂಬಿ ಬದುಕುವವರ ಚರಿತ್ರೆಯಲ್ಲಿ ಇಂಥ ಪುಟ ಕೂಡ ಉಂಟು. ಕೊನೆಗೆ ಎಐ ವಿಷಯಕ್ಕೆ ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ.

1925ರಲ್ಲಿ ಜಪಾನಿನಲ್ಲಿ ರೇಡಿಯೋ ಶುರುವಾಯ್ತು, ರೇಡಿಯೋ ನಾಟಕ ಬಂತು. ಮುಖ ಕಾಣದೆ ಬರೀ ದನಿಯಲ್ಲಿ ಪಾತ್ರ ಮಾಡುವವರು ಬೇಕಾದರು. ಆದರೆ ಈ ಕೆಲಸ ನಿಜವಾಗಿ ಬೆಳೆದದ್ದು ಟಿವಿ ಕಾಲದಲ್ಲಿ. ಅದರ ಕಾರಣ ಕೇಳಿದ್ರೆ ನಿಮಗೆ ಆಶ್ಚರ್ಯ ಆಗ್ತದೆ. 1950ರ ದಶಕದಲ್ಲಿ ಜಪಾನಿನ ದೊಡ್ಡ ಫಿಲ್ಮ್ ಕಂಪೆನಿಗಳಿಗೆ ಟಿವಿಯ ಹೆದರಿಕೆ ಹಿಡಿಯಿತು. ಜನ ಮನೆಯಲ್ಲೇ ಕೂತರೆ ಥಿಯೇಟರಿಗೆ ಯಾರು ಬರ್ತಾರೆ? ತಮ್ಮ ಸಿನಿಮಾಗಳನ್ನೂ ನಟರನ್ನೂ ಟಿವಿಗೆ ಕೊಡುವುದಿಲ್ಲ ಅಂತ ಅವರು ಬಾಗಿಲು ಹಾಕಿದರು. ಟಿವಿಯವರು ಎಂತ ಮಾಡಿದರು? ಅಮೆರಿಕದ ಸೀರಿಯಲ್‌ಗಳನ್ನು ತಂದು ಜಪಾನೀಸ್‌ಗೆ ಡಬ್ ಮಾಡಿದರು. ದನಿ ಕೊಡಲಿಕ್ಕೆ ರೇಡಿಯೋದವರು, ನಾಟಕದವರು ಬಂದರು. ಬಾಗಿಲು ಹಾಕಿದ್ದೇ ಅವರಿಗೆ ಅನ್ನದ ದಾರಿ ಆಯ್ತು.

1963ರ ಜನವರಿ 1ರಂದು ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ ಟಿವಿಗೆ ಬರುವಾಗ ದನಿಯ ಕೆಲಸ ಗೊತ್ತಿದ್ದವರು ಆಗಲೇ ತಯಾರಿದ್ದರು. ಆ ಹುಡುಗ ರೋಬೋಟಿಗೆ ದನಿ ಕೊಟ್ಟದ್ದು ಮಾರಿ ಶಿಮಿಜು ಎಂಬ ಹೆಂಗಸು. 1986ರಿಂದ ಇವತ್ತಿನವರೆಗೂ ಡ್ರ್ಯಾಗನ್ ಬಾಲ್‌ನ ಗೋಕು ಮಸಾಕೊ ನೊಜಾವ. ಹುಟ್ಟಿದ್ದು 1936ರಲ್ಲಿ, ಲೆಕ್ಕ ನೀವೇ ಹಾಕಿ. ಗೋಕುವಿನ ಮಕ್ಕಳಿಬ್ಬರ ದನಿಯೂ ಅವರದ್ದೇ. ಅಪ್ಪ ಮಕ್ಕಳು ಜಗಳ ಮಾಡುವ ಸೀನಲ್ಲಿ ಒಬ್ಬರೇ ಅಜ್ಜಿ ಎರಡೂ ಕಡೆ ಮಾತಾಡ್ತಾರೆ ಅಂತ ಯೋಚನೆ ಮಾಡಿ ನೋಡಿ.

ಚಿತ್ರ ಅಲುಗಾಡದಿದ್ದರೂ

ಅನಿಮೆಯಲ್ಲಿ ಚಿತ್ರವಾದರೂ ಓಡ್ತದೆ. ‘ವಿಶುವಲ್ ನಾವೆಲ್’ ಅಂತ ಒಂದು ನಮೂನೆಯ ಗೇಮ್ ಉಂಟು, ಅದರಲ್ಲಿ ಹೆಚ್ಚುಕಡಿಮೆ ಅದೂ ಇಲ್ಲ. ಹಿಂದೆ ಒಂದು ಚಿತ್ರ, ಮುಂದೆ ಪಾತ್ರ ನಿಂತಿರ್ತದೆ, ಕೆಳಗೆ ಮಾತಿನ ಸಾಲು. ನಾವು ಒತ್ತಿದ ಹಾಗೆ ಕಥೆ ಮುಂದೆ ಹೋಗ್ತದೆ. ಕೆಲವು ಕಡೆ ಆಯ್ಕೆ ಕೊಡ್ತದೆ. ನಾವು ಆರಿಸಿದ್ದರ ಮೇಲೆ ಕಥೆ ಕವಲೊಡೆದು ಬೇರೆ ಬೇರೆ ಕೊನೆಗೆ ಹೋಗ್ತದೆ. 2009ರ ‘ಸ್ಟೈನ್ಸ್ ಗೇಟ್’ ಇಂಥ ಗೇಮ್. 2011ರಲ್ಲಿ ಅದರ ಅನಿಮೆ ಬಂತು. ಎರಡರಲ್ಲೂ ಒಕಾಬೆ ಎಂಬ ಮುಖ್ಯ ಪಾತ್ರದ ದನಿ ಮಾಮೊರು ಮಿಯಾನೊ ಅವರದ್ದು. ಗೇಮಲ್ಲಿ ಒಕಾಬೆಗೆ ಸಿಟ್ಟು ಬಂದರೆ, ಅಳು ಬಂದರೆ, ಹುಚ್ಚು ನಗು ಬಂದರೆ ಚಿತ್ರ ಅಷ್ಟೇನೂ ಬದಲಾಗುವುದಿಲ್ಲ. ದನಿಯೇ ಎಲ್ಲವನ್ನೂ ಹೊತ್ತುಕೊಂಡು ಹೋಗಬೇಕು.

ಇದನ್ನು ಮೊದಲ ಸಲ ಆಡುವಾಗ ನನಗೆ ಏನೋ ನೆನಪಾಗ್ತಿತ್ತು, ಎಂತದು ಅಂತ ಗೊತ್ತಾಗ್ಲಿಲ್ಲ. ಕೆಲವು ದಿನ ಕಳೆದು ಹೊಳೀತು. ಅಲುಗಾಡದ ಆಳು, ಓಡುವ ಮಾತು. ಇದು ಅಜ್ಜನ ತಾಳಮದ್ದಳೆ!

ಪತ್ತನಾಜೆ ಕಳೆದ ಮೇಲೆ

ಗೊತ್ತಿಲ್ಲದವರಿಗೆ ಒಂದು ಮಾತು. ಯಕ್ಷಗಾನದಿಂದ ವೇಷ, ಕುಣಿತ, ರಂಗಸ್ಥಳ ತೆಗೆದರೆ ಉಳಿಯುವುದು ತಾಳಮದ್ದಳೆ. ಭಾಗವತರು ಪದ ಹಾಡ್ತಾರೆ, ಮದ್ದಳೆ ಚೆಂಡೆ ಇರ್ತದೆ. ಎರಡೂ ಬದಿಯಲ್ಲಿ ಅರ್ಥಧಾರಿಗಳು ಕೂತಿರ್ತಾರೆ. ಪದ ಮುಗಿದ ಕೂಡಲೇ ಆ ಪದದ ಅರ್ಥವನ್ನು ಪಾತ್ರವಾಗಿ ಮಾತಲ್ಲಿ ಬಿಡಿಸಬೇಕು. ಮೊದಲು ಪೀಠಿಕೆ, ಅಂದರೆ ಪಾತ್ರ ತಾನು ಯಾರು, ಈಗ ಯಾವ ಸ್ಥಿತಿಯಲ್ಲಿದ್ದೇನೆ ಅಂತ ಹೇಳಿಕೊಳ್ಳುವುದು. ಆಮೇಲೆ ಇದಿರಿನವನ ಜೊತೆ ಸಂವಾದ. ಪದ ಬರೆದದ್ದು ಉಂಟು, ಮಾತು ಬರೆದದ್ದು ಇಲ್ಲ. ಎಲ್ಲ ಅಲ್ಲೇ ಹುಟ್ಟಬೇಕು.

ನಮ್ಮ ಕಡೆ ತುಳು ಬೇಷ ತಿಂಗಳ ಹತ್ತಕ್ಕೆ, ಅಂದರೆ ಮೇ ಕೊನೆಯ ವಾರಕ್ಕೆ, ಪತ್ತನಾಜೆ. ಧರ್ಮಸ್ಥಳ ಮೇಳ, ಕಟೀಲು ಮೇಳ ಎಲ್ಲ ಗೆಜ್ಜೆ ಬಿಚ್ಚುವುದು ಆ ಹೊತ್ತಿಗೆ. ಮಳೆಯಲ್ಲಿ ಗದ್ದೆಬಯಲಲ್ಲಿ ಆಟ ಆಡ್ಲಿಕ್ಕೆ ಆಗ್ತದಾ? ಆಗ ದೇವಸ್ಥಾನದ ಚಾವಡಿಯಲ್ಲಿ, ಶಾಲೆಯ ಹಾಲಲ್ಲಿ, ಯಾರದ್ದಾದರೂ ಮನೆಯ ಜಗಲಿಯಲ್ಲಿ ಕೂಟ ಶುರು. ಹೊರಗೆ ಜೋರು ಮಳೆ, ಒಳಗೆ ಕೃಷ್ಣ ಸಂಧಾನ. ನನಗೆ ಗೊತ್ತಿರುವ ಜೂನ್, ಜುಲೈ ಅಂದರೆ ಅದು.

ಇದು ಎಷ್ಟು ಹಳೆಯದು? ಬಳ್ಳಾರಿ ಕಡೆ ಕುರುಗೋಡಿನ 1556ರ ಒಂದು ಶಾಸನದಲ್ಲಿ ತಾಳಮದ್ದಳೆಯವರಿಗೆ ಭೂಮಿ ಬಿಟ್ಟ ವಿಷಯ ಬರ್ತದೆ. ಯಕ್ಷಗಾನದ ಚರಿತ್ರೆ ಬರೆಯುವವರು ಮೊದಲು ತೆಗೆಯುವ ಸಾಕ್ಷಿ ಇದು. ನಮ್ಮ ತೆಂಕುತಿಟ್ಟಿಗೆ ಬಂದರೆ, ಕುಂಬಳೆಯ ಪಾರ್ತಿಸುಬ್ಬನ ಹೆಸರಲ್ಲಿರುವ ರಾಮಾಯಣದ ಪ್ರಸಂಗಗಳು ಇವತ್ತಿಗೂ ಕೂಟಗಳಲ್ಲಿ ನಡೀತವೆ. ಅಂದರೆ ನಾವು ನೆಟ್‌ಫ್ಲಿಕ್ಸ್‌ನಲ್ಲಿ ನೋಡುವ ಯಾವ ಸೀರೀಸಿಗಿಂತಲೂ ಜಾಸ್ತಿ ಸೀಸನ್ ಕಂಡ ಸ್ಕ್ರಿಪ್ಟ್ ಅದು.

ಇನ್ನು ದನಿಗಳು. ದೊಡ್ಡ ಹೆಸರು ಶೇಣಿ ಗೋಪಾಲಕೃಷ್ಣ ಭಟ್ಟರದ್ದು, 1918ರಿಂದ 2006. ಕಾಸರಗೋಡು ಕಡೆಯವರು, ಹರಿಕಥೆಯನ್ನೂ ಮಾಡಿದವರು. ಅವರ ವಾಲಿ, ಅವರ ರಾವಣ ಅಂದರೆ ನಮ್ಮ ಅಜ್ಜನ ಪ್ರಾಯದವರಿಗೆ ಈಗಲೂ ರೋಮ ನಿಲ್ತದೆ. ದೇರಾಜೆ ಸೀತಾರಾಮಯ್ಯನವರು ಅಬ್ಬರ ಇಲ್ಲದೆ, ಮನೆಯಲ್ಲಿ ಮಾತಾಡಿದ ಹಾಗೆ ಮಾತಾಡಿ ಗೆದ್ದವರು. ಕುಂಬಳೆ ಸುಂದರ ರಾಯರು ನೇಯ್ಗೆಯ ಕೆಲಸದಿಂದ ಬಂದವರು, ಪ್ರಾಸ ತುಂಬಿದ ಮಾತಿನವರು. 1994ರಲ್ಲಿ ಸುರತ್ಕಲ್‌ನಿಂದ ಗೆದ್ದು ಶಾಸಕರೂ ಆದರು. ಡಾ. ಎಂ. ಪ್ರಭಾಕರ ಜೋಶಿಯವರು ಅರ್ಥವನ್ನೂ ಹೇಳ್ತಾರೆ, ಯಕ್ಷಗಾನದ ವಿಮರ್ಶೆಯನ್ನೂ ಬರೀತಾರೆ. ಕಾಲೇಜಲ್ಲಿ ಅವರು ಕಲಿಸಿದ್ದು ಎಂತ ಗೊತ್ತುಂಟಾ? ಕಾಮರ್ಸ್! ಬಿ.ಕಾಂ. ಮಾಡಿ ಪಾಡ್‌ಕಾಸ್ಟ್ ಮಾಡ್ತೀಯಾ ಅಂತ ನನ್ನನ್ನು ಕೇಳುವ ಎಲ್ಲ ನೆಂಟರಿಗೆ ನಾನು ಈ ಹೆಸರು ಹೇಳುದು.

ನಮ್ಮ ಮೂರು ತಾಲೂಕುಗಳಿಗೂ ಇದರಲ್ಲಿ ಪಾಲುಂಟು. ಬಂಟ್ವಾಳ ತಾಲೂಕಿನ ಸೂರಿಕುಮೇರಿನ ಗೋವಿಂದ ಭಟ್ಟರು ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಮೇಳದಲ್ಲಿ ದಶಕಗಳ ಕಾಲ ವೇಷ ಮಾಡಿದವರು. ಅವರ ಕೌರವನ ಮಾತು ಕೇಳ್ಲಿಕ್ಕೆಂದೇ ಜನ ಹೋಗ್ತಿದ್ದರು. ಮೂಡುಬಿದಿರೆಯ ಹತ್ತಿರ ಮಾರೂರಿನಲ್ಲಿ ಬಲಿಪ ನಾರಾಯಣ ಭಾಗವತರು ಇದ್ದರು. 1938ರಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡರು. ಏರು ಶ್ರುತಿಯ ಆ ಹಾಡಿಗೆ ‘ಬಲಿಪ ಶೈಲಿ’ ಅಂತಲೇ ಹೆಸರು. ಐದು ದಿನ ನಡೆಯುವ ‘ದೇವಿ ಮಹಾತ್ಮೆ’ ಪ್ರಸಂಗ ಬರೆದವರೂ ಅವರೇ.

ವಾಲಿ ಸಾಯಲೇಬೇಕು, ಆದರೆ

ಈಗ ನನಗೆ ಮುಖ್ಯ ಅನ್ನಿಸುವ ವಿಷಯಕ್ಕೆ ಬರ್ತೇನೆ. ವಿಶುವಲ್ ನಾವೆಲ್‌ನಲ್ಲಿ ಕವಲುಗಳು ಉಂಟು ಅಂದೆನಲ್ಲ, ಅವೆಲ್ಲ ಮೊದಲೇ ಬರೆದಿಟ್ಟವು. ನಾವು ಯಾವುದನ್ನು ಆರಿಸಿದರೂ ಅದರ ದನಿ ಎಷ್ಟೋ ತಿಂಗಳ ಹಿಂದೆ ರೆಕಾರ್ಡ್ ಆಗಿದೆ. ತಾಳಮದ್ದಳೆಯಲ್ಲಿ ಇದು ಉಲ್ಟಾ. ಕೊನೆ ಒಂದೇ, ಎಲ್ಲರಿಗೂ ಗೊತ್ತಿರುವುದೇ. ‘ವಾಲಿ ಮೋಕ್ಷ’ದಲ್ಲಿ ವಾಲಿ ಸಾಯಲೇಬೇಕು. ಆದರೆ ಸಾಯುವ ಮೊದಲು ಅವ ರಾಮನನ್ನು ಒಂದು ಪ್ರಶ್ನೆ ಕೇಳ್ತಾನೆ: ನಾನು ನನ್ನ ತಮ್ಮನ ಜೊತೆ ಹೋರಾಡುವಾಗ ನೀನು ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ? ಇಲ್ಲಿಂದ ಮುಂದೆ ಕವಲುಗಳಿಗೆ ಲೆಕ್ಕ ಇಲ್ಲ. ರಾಮನಾಗಿ ಕೂತವ ಉತ್ತರ ಕೊಡಬೇಕು. ಅವನ ಉತ್ತರದಲ್ಲೇ ವಾಲಿ ಮುಂದಿನ ಪ್ರಶ್ನೆ ಹಿಡೀತಾನೆ. ಯುದ್ಧದಲ್ಲಿ ರಾಮನೇ ಗೆಲ್ಲುವುದು, ಮಾತಿನಲ್ಲಿ ಯಾರು ಗೆಲ್ತಾರೆ ಅಂತ ಆ ರಾತ್ರಿಯವರೆಗೆ ಯಾರಿಗೂ ಗೊತ್ತಿಲ್ಲ.

ಸಣ್ಣದಿರುವಾಗ ನಾನು ಒಂದು ಕೂಟದಲ್ಲಿ ಅಜ್ಜನ ವಾಲಿ ಕೇಳಿದ್ದೆ. ಇದಿರಿಗೆ ರಾಮ ಒಬ್ಬರು ಹೈಸ್ಕೂಲ್ ಮಾಸ್ಟ್ರು. ಮಾಸ್ಟ್ರು ಸಂಸ್ಕೃತ ಶ್ಲೋಕ ಹೇಳಿ, ನೀನು ವಾನರ, ಬೇಟೆಗೆ ಮರೆಯಲ್ಲಿ ನಿಲ್ಲಬಹುದು ಅಂತ ವಾದ ಮಾಡಿದರು. ಜನ ತಲೆ ಆಡಿಸಿದರು. ಅಜ್ಜ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ತಗ್ಗಿದ ದನಿಯಲ್ಲಿ, ನಾನು ಬೇಟೆಯ ಪ್ರಾಣಿ ಆದರೆ ತಮ್ಮನ ಹೆಂಡತಿಯ ವಿಷಯದಲ್ಲಿ ನನಗೆ ಮನುಷ್ಯರ ಧರ್ಮ ಯಾಕೆ ಹಚ್ಚುತ್ತೀ ಅಂತ ಕೇಳಿದರು. ಹೊಸ ಪ್ರಶ್ನೆ ಏನಲ್ಲ, ಕೂಟಗಳಲ್ಲಿ ಬರುವಂಥದ್ದೇ. ಆದರೆ ಆ ಸುಮ್ಮನೆ ಕೂತ ಹೊತ್ತುಂಟಲ್ಲ, ಅದರಲ್ಲಿ ಬೀಡಿ ಬ್ರಾಂಚಿನ ನಮ್ಮ ಅಜ್ಜ ಕಾಣೆಯಾಗಿ ಬಾಣ ತಾಗಿದ ಒಬ್ಬ ರಾಜ ಕೂತಿದ್ದ. ನನಗೆ ಹೆದರಿಕೆ ಆಗಿತ್ತು.

ಹೆಂಗಸಿನ ಪಾತ್ರದ ವಿಷಯದಲ್ಲೂ ಎರಡು ಕಡೆಯ ದಾರಿ ನೋಡಿ. ಜಪಾನಿನಲ್ಲಿ ಹುಡುಗರ ಪಾತ್ರಕ್ಕೆ ಹೆಂಗಸರು ದನಿ ಕೊಡ್ತಾರೆ, ಯಾಕಂದ್ರೆ ಹುಡುಗರ ದನಿ ಒಂದು ಪ್ರಾಯಕ್ಕೆ ಒಡೀತದೆ, ಸೀರೀಸ್ ಮಾತ್ರ ವರ್ಷಗಟ್ಟಲೆ ನಡೀತದೆ. ನಮ್ಮಲ್ಲಿ ಬಹುಕಾಲ ತಾರೆ, ದ್ರೌಪದಿ, ಸೀತೆ ಎಲ್ಲ ಗಂಡಸರದ್ದೇ ಅರ್ಥ. ಅದಕ್ಕೆ ಕೀರಲು ದನಿ ಮಾಡ್ಬೇಕಂತ ಇಲ್ಲ. ಮಾತಿನ ಹದ, ಪದಗಳ ಆಯ್ಕೆ, ಎಲ್ಲಿ ನಿಲ್ಲಿಸುವುದು, ಇದರಲ್ಲೇ ಹೆಣ್ಣು ಕಾಣಬೇಕು. ಈಗ ಹೆಂಗಸರದ್ದೇ ತಾಳಮದ್ದಳೆ ತಂಡಗಳು ಉಂಟು. ಅದಕ್ಕೂ ಮೊದಲು ಲೀಲಾವತಿ ಬೈಪಾಡಿತ್ತಾಯರು ತೆಂಕುತಿಟ್ಟಿನ ಮೇಳಗಳಲ್ಲಿ ವೃತ್ತಿಪರ ಭಾಗವತರಾಗಿ ರಾತ್ರಿಯಿಡೀ ಹಾಡಿ ದಾರಿ ಮಾಡಿಕೊಟ್ಟಿದ್ದರು. ಅವರು ತೀರಿಕೊಂಡದ್ದು 2024ರ ಡಿಸೆಂಬರಲ್ಲಿ.

ಇನ್ನೊಂದು ವ್ಯತ್ಯಾಸ. ಜಪಾನಿನಲ್ಲಿ ಪಾತ್ರ ಮತ್ತು ದನಿ ಗಂಡಹೆಂಡತಿ ಇದ್ದ ಹಾಗೆ. 1979ರಿಂದ ಡೋರೇಮಾನ್ ಆಗಿದ್ದ ನೊಬುಯೊ ಓಯಾಮ 2005ರಲ್ಲಿ ಬಿಟ್ಟು ವಾಸಾಬಿ ಮಿಜುತಾ ಬಂದಾಗ ಇಡೀ ದೇಶಕ್ಕೆ ಅದು ಸುದ್ದಿ. ನಮ್ಮಲ್ಲಿ ವಾಲಿ ಯಾರ ಸೊತ್ತೂ ಅಲ್ಲ. ಇವತ್ತು ಇವರು, ನಾಳೆ ಇನ್ನೊಬ್ಬರು. ಇವತ್ತು ವಾಲಿ ಆದವ ನಾಳೆ ರಾಮನಾಗಿ ನಿನ್ನೆ ತಾನೇ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕು. ಹಾಗೆ ಮಾಡಿ ಮಾಡಿ ನಮ್ಮವರಿಗೆ ಒಂದು ಅಭ್ಯಾಸ ಬಂತು, ಇದಿರಿನವ ಹೇಳುದನ್ನು ಪೂರ್ತಿ ಕೇಳುವ ಅಭ್ಯಾಸ.

ಗೋಡೆ ಕಟ್ಟಿದ್ದು ಯಾಕೆ, ಬಿದ್ದದ್ದು ಯಾವಾಗ

ಈಗ ಆ ಮೊದಲ ಪ್ರಶ್ನೆ. ಕನ್ನಡ ಎಂತಕೆ ಇಲ್ಲ?

1960ರ ದಶಕದಲ್ಲಿ ಕನ್ನಡ ಸಿನಿಮಾ ಬಹಳ ಸಣ್ಣದು. ಬೇರೆ ಭಾಷೆಯ ಸಿನಿಮಾಗಳನ್ನು ಕನ್ನಡಕ್ಕೆ ಡಬ್ ಮಾಡಿ ಬಿಟ್ಟರೆ ಕನ್ನಡದಲ್ಲಿ ಹೊಸ ಸಿನಿಮಾ ಮಾಡುವವರೇ ಇರುವುದಿಲ್ಲ ಎಂಬ ಭಯ ಇತ್ತು. ಅ.ನ. ಕೃಷ್ಣರಾಯರಂಥ ಸಾಹಿತಿಗಳೂ ನಟರೂ ಸೇರಿ ಡಬ್ಬಿಂಗ್ ವಿರೋಧಿಸಿದರು. ಕಾನೂನು ಏನೂ ಆಗಲಿಲ್ಲ, ಆದರೆ ಚಿತ್ರರಂಗದ ಒಳಗಿನ ಈ ಕಟ್ಟುಪಾಡು ದಶಕಗಳ ಕಾಲ ನಡೀತು. ಆ ಕಾಲಕ್ಕೆ ಅದರಲ್ಲಿ ಅರ್ಥ ಇತ್ತು ಅಂತಲೇ ನನಗೆ ಅನ್ನಿಸ್ತದೆ. ಕನ್ನಡ ಸಿನಿಮಾ ಉಳೀತು, ಬೆಳೀತು. ಆದರೆ ಲೆಕ್ಕದ ಪುಸ್ತಕದಲ್ಲಿ ಎರಡು ಬದಿ ಇರ್ತದಲ್ಲ, ಇನ್ನೊಂದು ಬದಿಯನ್ನೂ ಬರೆಯಬೇಕು. ಜಪಾನಿನಲ್ಲಿ ಫಿಲ್ಮ್ ಕಂಪೆನಿಗಳ ಹೆದರಿಕೆಯಿಂದ ದನಿ ಕಲಾವಿದರ ಒಂದು ವೃತ್ತಿಯೇ ಬೆಳೆಯಿತು. ಇಲ್ಲಿ ಅಂಥದ್ದೇ ಹೆದರಿಕೆಯಿಂದ ಆ ವೃತ್ತಿ ಬೆಳೆಯಲಿಕ್ಕೆ ಜಾಗ ಸಿಗಲಿಲ್ಲ.

ಮಕ್ಕಳ ಕಾರ್ಟೂನಿಗೆ ಮಾತ್ರ ಸಣ್ಣ ಕಿಂಡಿ ಇತ್ತು. 2009ರಲ್ಲಿ ಚಿಂಟು ಟಿವಿ ಬಂದಾಗ ನಾನು ಹೈಯರ್ ಪ್ರೈಮರಿ. ಕಾರ್ಟೂನ್ ಕನ್ನಡದಲ್ಲಿ ಮಾತಾಡಿದ್ದು ಕೇಳಿ ನಾವು ಮಕ್ಕಳೆಲ್ಲ ಹುಚ್ಚೆದ್ದು ಹೋಗಿದ್ದೆವು. ಆದರೆ ಅನಿಮೆಯ ಹುಚ್ಚು ಹಿಡಿಯುವ ಹೊತ್ತಿಗೆ ನಾವು ನೋಡಿದ್ದೆಲ್ಲ ಹಿಂದಿ, ಇಂಗ್ಲಿಷ್. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಹೇಳಿ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. ಅಲ್ಲಿಂದ ಗೋಡೆ ಒಂದೊಂದೇ ಕಲ್ಲು ಬಿತ್ತು. 2020ರ ಲಾಕ್‌ಡೌನಲ್ಲಿ ಸ್ಟಾರ್ ಸುವರ್ಣದಲ್ಲಿ ಹಿಂದಿಯ ‘ಮಹಾಭಾರತ’ ಕನ್ನಡದಲ್ಲಿ ಬಂತು. 2025ರಲ್ಲಿ ಆನಿಮೇಷನ್ ಸಿನಿಮಾ ‘ಮಹಾವತಾರ್ ನರಸಿಂಹ’ ಕನ್ನಡದಲ್ಲೂ ಬಂತು. ಒಂದೂವರೆ ತಿಂಗಳು ಕಳೆದು ಬಂದ ಡೀಮನ್ ಸ್ಲೇಯರ್‌ನಲ್ಲಿ ಕನ್ನಡ ಇಲ್ಲ. ಅಂದರೆ ಈಗ ಯಾರೂ ತಡೆಯುವುದಿಲ್ಲ, ಆದರೆ ಕನ್ನಡಕ್ಕೆ ಹಣ ಹಾಕಿದರೆ ವಾಪಸ್ ಬರ್ತದೆ ಅಂತ ಕಂಪೆನಿಗಳಿಗೆ ಇನ್ನೂ ನಂಬಿಕೆ ಬಂದಿಲ್ಲ. ನಾವೇ ಹಿಂದಿಯಲ್ಲಿ ನೋಡಿ ಅಭ್ಯಾಸ ಮಾಡಿಕೊಂಡರೆ ಆ ನಂಬಿಕೆ ಬರುವುದು ಹೇಗೆ?

ಲಾಕ್‌ಡೌನಿನ ಆ ಮಹಾಭಾರತವನ್ನು ಅಜ್ಜ ದಿನಾ ನೋಡ್ತಿದ್ದರು. ಒಂದು ದಿನ ಕೇಳಿದೆ, ಹೇಗುಂಟು ಅಜ್ಜ ಅಂತ. ನಮ್ಮ ಮನೆಮಾತು ತುಳು. ಅವರು ಹೇಳಿದ್ದನ್ನು ಕನ್ನಡದಲ್ಲಿ ಹೇಳ್ತೇನೆ: "ದನಿ ಚೆಂದ ಉಂಟು ಮಗಾ. ಆದರೆ ಇವ ಮಾತಾಡುವಾಗ ಅವ ಕೇಳುದಿಲ್ಲ."

ಇದರ ಅರ್ಥ ನನಗೆ ಆಮೇಲೆ ಗೊತ್ತಾದದ್ದು. ಡಬ್ಬಿಂಗಲ್ಲಿ ಎಷ್ಟೋ ಸಲ ಒಬ್ಬೊಬ್ಬರೇ ಬಂದು ತಮ್ಮ ಸಾಲು ಹೇಳಿ ಹೋಗ್ತಾರೆ, ಇದಿರಿಗೆ ಆಳೇ ಇರುವುದಿಲ್ಲ. ಜಪಾನಿನಲ್ಲಿ ಟಿವಿ ಅನಿಮೆಗೆ ರೂಢಿಯಲ್ಲಿ ಬಂದ ಕ್ರಮವೇ ಬೇರೆ. ಒಂದು ಎಪಿಸೋಡಿನ ಕಲಾವಿದರೆಲ್ಲ ಒಂದೇ ಕೋಣೆಯಲ್ಲಿ, ಮೂರು ನಾಲ್ಕು ಮೈಕಿನ ಮುಂದೆ. ತಮ್ಮ ಸಾಲು ಬಂದಾಗ ಶಬ್ದ ಆಗದ ಹಾಗೆ ಎದ್ದು ಹೋಗಿ ಮೈಕ್ ಹಿಡೀಬೇಕು. ಇದಿರಿನವರ ಉಸಿರು ಕೇಳಿ ಮಾತಾಡಬೇಕು. ಕೊರೊನಾ ಬಂದಾಗ ಅಲ್ಲೂ ಬೇರೆ ಬೇರೆ ರೆಕಾರ್ಡ್ ಮಾಡಬೇಕಾಗಿ ಬಂತು, ಆಗ ಅವರಿಗೆ ತಪ್ಪಿದ್ದು ಇದೇ. ಬೀಡಿ ಬ್ರಾಂಚಿನ ಅಜ್ಜ ಟಿವಿಯ ಮುಂದೆ ಕೂತು ಒಂದೇ ಮಾತಲ್ಲಿ ಅದನ್ನು ಹೇಳಿಬಿಟ್ಟಿದ್ದರು.

ನಿಮ್ಮದು ಮಂಗಳೂರು ಕನ್ನಡ

ನನ್ನದೊಂದು ಕಥೆ. ಡಿಗ್ರಿ ಮುಗಿಸಿ ಎರಡು ವರ್ಷ ಒಂದು ಆಫೀಸಲ್ಲಿ ಜಿಎಸ್‌ಟಿ ಫೈಲ್ ಮಾಡ್ತಿದ್ದೆ. ಆಗ ಬೆಂಗಳೂರಿನ ಒಂದು ಸ್ಟುಡಿಯೋಗೆ ವಾಯ್ಸ್ ಟೆಸ್ಟಿಗೆ ಹೋದೆ. ಒಂದು ಕಾರ್ಟೂನಿನ ರಾಜನ ಪಾತ್ರ. ಅರ್ಧ ಪುಟ ಓದಿದ ಮೇಲೆ ಗಾಜಿನ ಆಚೆಯಿಂದ, "ವಾಯ್ಸ್ ಚೆನ್ನಾಗಿದೆ, ಆದ್ರೆ ನಿಮ್ದು ಮಂಗ್ಳೂರ್ ಕನ್ನಡ, ಪುಸ್ತಕ ಓದ್ದಂಗಿದೆ" ಅಂದರು. ಕೆಟ್ಟದಾಗಿ ಹೇಳಿದ್ದಲ್ಲ, ನಗ್ತಲೇ ಹೇಳಿದ್ದು. ವಾಪಸ್ ಬರುವ ರಾತ್ರಿ ಬಸ್ಸಲ್ಲಿ ಶಿರಾಡಿ ಘಾಟಿಯವರೆಗೂ ಅದೇ ಮಾತು ತಲೆಯಲ್ಲಿ.

ಪುಸ್ತಕದ ಹಾಗೆ ಯಾಕಿದೆ ಅಂತ ಯೋಚನೆ ಮಾಡಿ. ನಮ್ಮಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಕನ್ನಡ ಕಲಿತದ್ದು ಶಾಲೆಯಲ್ಲಿ ಮತ್ತು ಯಕ್ಷಗಾನದಲ್ಲಿ. ತಾಳಮದ್ದಳೆಯಲ್ಲಿ ಒಂದು ಇಂಗ್ಲಿಷ್ ಶಬ್ದ ಬಾಯಿಗೆ ಬಂದರೆ ಸಭೆ ನಗ್ತದೆ. ಹೆಚ್ಚು ಶಾಲೆಗೆ ಹೋಗದ ಅಜ್ಜ ಒಂದೂವರೆ ಗಂಟೆ ಇಂಗ್ಲಿಷ್ ಬೆರೆಸದೆ ಕನ್ನಡ ಮಾತಾಡ್ತಿದ್ದರು. ನಾನು ಈ ಎಪಿಸೋಡಲ್ಲಿ ಎಷ್ಟು ಇಂಗ್ಲಿಷ್ ಶಬ್ದ ಬಳಸಿದೆ ಅಂತ ನೀವೇ ಎಣಿಸಿ! ಕಾಡಿನ ರಾಜನೋ, ರಾಕ್ಷಸನನ್ನು ಕೊಲ್ಲುವ ಹುಡುಗನೋ, ಸಾವಿರ ವರ್ಷ ಬದುಕಿದ ಎಲ್ಫೋ ಕನ್ನಡದಲ್ಲಿ ಮಾತಾಡುವುದಾದರೆ ಬಸ್‌ಸ್ಟ್ಯಾಂಡಿನ ಕನ್ನಡ ಮಾತಾಡಬೇಕು ಅಂತ ಎಲ್ಲಿಯೂ ಬರೆದಿಲ್ಲ. ಅಂಥ ಪಾತ್ರಗಳಿಗೆ ಬೇಕಾದ ಕನ್ನಡ ನಮ್ಮ ಮೂರು ತಾಲೂಕುಗಳ ಚಾವಡಿಗಳಲ್ಲಿ ಮಳೆಗಾಲವಿಡೀ ತಯಾರಾಗ್ತಿದೆ. ಅದನ್ನು ಹುಡುಕಿಕೊಂಡು ಯಾರೂ ಬರಲಿಲ್ಲ. ನಾವೂ ಕೊಂಡುಹೋಗಿ ಕೊಡಲಿಲ್ಲ.

ಹನ್ನೊಂದು ಸೆಕೆಂಡ್

ಕೊನೆಗೆ ಎಐ. 2024ರಲ್ಲಿ ಜಪಾನಿನ 26 ಮಂದಿ ಸೇಯುಗಳು ಸೇರಿ ಒಂದು ಅಭಿಯಾನ ಶುರು ಮಾಡಿದರು. ಕೇಳದೆ ನಮ್ಮ ದನಿಯನ್ನು ಎಐಗೆ ಹಾಕಿ ಮಾತಾಡಿಸಬೇಡಿ ಅಂತ. ಬೆನ್ಶಿಗಳ ಕೆಲಸ ಹೋಗಿ ಸುಮಾರು ತೊಂಬತ್ತು ವರ್ಷ ಆದ ಮೇಲೆ ಮತ್ತೊಂದು ಯಂತ್ರ, ಅದೇ ಹೆದರಿಕೆ. ಅವರ ಕಷ್ಟ ಎಂತ ಅಂದರೆ ಅವರ ದನಿ ಎಲ್ಲ ಕಡೆ ಉಂಟು, ಯಾರು ಬೇಕಾದರೂ ಕದೀಬಹುದು.

ನಮ್ಮ ಕಷ್ಟ ಬೇರೆ. ಶೇಣಿಯವರಂಥ ದೊಡ್ಡವರದ್ದು ಕ್ಯಾಸೆಟ್ ಬಂದಿತ್ತು. 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿ ಎಷ್ಟೋ ಕೂಟಗಳನ್ನು ಮನೆಮನೆಗೆ ಮುಟ್ಟಿಸಿತು. ಈಗ ಯೂಟ್ಯೂಬಲ್ಲಿ ಲೈವ್ ಬರ್ತದೆ. ಆದರೆ ಊರಿನ ಸಂಘಗಳಲ್ಲಿ ಹಣಕ್ಕಲ್ಲದೆ ಮಾತಿನ ರುಚಿಗೆ ಅರ್ಥ ಹೇಳಿದ ಬೀಡಿ ಬ್ರಾಂಚಿನವರು, ಮಾಸ್ಟ್ರುಗಳು, ಅಡಿಕೆ ತೋಟದವರು, ಪೋಸ್ಟ್‌ಮ್ಯಾನ್‌ಗಳು, ಇವರ ದನಿ ಎಲ್ಲುಂಟು?

ಅಜ್ಜ 2022ರ ಮಳೆಗಾಲದಲ್ಲಿ ತೀರಿಕೊಂಡರು. ನಾನು ಮೈಕ್, ಮಿಕ್ಸರ್ ಎಲ್ಲ ಇಟ್ಟುಕೊಂಡ ಪಾಡ್‌ಕಾಸ್ಟರ್. ಪಕ್ಕದ ಕೋಣೆಯಲ್ಲಿದ್ದ ಅವರ ವಾಲಿಯನ್ನು ಒಂದು ದಿನವೂ ರೆಕಾರ್ಡ್ ಮಾಡಲಿಲ್ಲ. ಮುಂದಿನ ವಾರ, ಮುಂದಿನ ವಾರ ಅಂತ ಹೇಳ್ತಲೇ ಇದ್ದೆ. ಈಗ ನನ್ನ ಹತ್ತಿರ ಇರುವುದು ಒಂದೇ ವಾಟ್ಸಾಪ್ ವಾಯ್ಸ್ ಮೆಸೇಜ್, ಹನ್ನೊಂದು ಸೆಕೆಂಡಿನದ್ದು. ಅದರಲ್ಲಿ ತುಳುವಿನಲ್ಲಿ, ಬರುವಾಗ ಎಲೆ ತಕೊಂಡು ಬಾ, ಅಡಿಕೆ ಮನೆಯಲ್ಲಿ ಉಂಟು ಅಂತ ಹೇಳಿದ್ದಾರೆ. ನಲವತ್ತು ವರ್ಷ ವಾಲಿಯಾಗಿ ಮಾತಾಡಿದವರದ್ದು ಇಷ್ಟು ಉಳಿದಿದೆ.

ಹಾಗಾಗಿ ಈ ಸಲ ಲೈಕ್ ಮಾಡಿ, ಶೇರ್ ಮಾಡಿ ಅಂತ ಹೇಳುವುದಿಲ್ಲ. ನಿಮ್ಮ ಊರಿನಲ್ಲಿ ಅರ್ಥ ಹೇಳುವ ಅಜ್ಜನೋ, ಮಾವನೋ, ಟೀಚರೋ ಇದ್ದರೆ ಅವರ ಹತ್ತಿರ ಕೇಳಿ, ಒಪ್ಪಿದರೆ ಫೋನಲ್ಲೇ ರೆಕಾರ್ಡ್ ಮಾಡಿ. ಫೋನನ್ನು ಮೆತ್ತಗಿನ ಬಟ್ಟೆಯ ಮೇಲೆ ಇಡಿ, ಫ್ಯಾನ್ ಬಂದ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ. ಶುರುವಿನಲ್ಲೇ ಹೆಸರು, ಊರು, ತಾರೀಕು, ಪ್ರಸಂಗ ಹೇಳಿಸಿ. ಒಬ್ಬರನ್ನೇ ಕೂರಿಸಬೇಡಿ, ಇದಿರಿಗೆ ಇನ್ನೊಬ್ಬರು ಬೇಕು. ಮಾತಾಡದೆ ಸುಮ್ಮನೆ ಕೂತ ಹೊತ್ತನ್ನು ಎಡಿಟ್ ಮಾಡಿ ತೆಗೀಬೇಡಿ.

ನನ್ನ ತಮ್ಮನಿಗೂ ಇದನ್ನೇ ಹೇಳಿದೆ. ಈ ಪತ್ತನಾಜೆ ಕಳೆದ ಮೇಲೆ ಸಿದ್ಧಕಟ್ಟೆಯ ಕೂಟಕ್ಕೆ ಅವ ನನ್ನ ಜೊತೆ ಬರ್ತಾನಂತೆ, ಮೈಕ್ ಹಿಡಿಯಲಿಕ್ಕೆ. ವಾಲಿಗೆ ಅಜ್ಜನ ಇದಿರು ರಾಮನಾಗಿದ್ದ ಅದೇ ಮಾಸ್ಟ್ರು ಕೂರ್ತಾರೆ. ಮುಂದಿನ ಎಪಿಸೋಡಲ್ಲಿ ಕೇಳಿಸ್ತೇನೆ. ಸಿಗುವ.